ಕಣ್ಣಿನ ಮುಲಾಮು: ಹಾಕುವ ಮುನ್ನ ಟ್ಯೂಬಿನ ಸಣ್ಣಕ್ಷರ ಓದಿ

ಮಾನ್ಯ ಸಂಪಾದಕರೇ,

ಕಣ್ಣುಬೇನೆ ಹರಡುವ ದಿನಗಳಲ್ಲಿ ಪತ್ರಿಕೆಗಳು ಕೊಡುವ ಸಲಹೆ ಸಾಮಾನ್ಯವಾಗಿ ಮೂರು ಮಾತಿನಲ್ಲಿ ಮುಗಿಯುತ್ತದೆ: ಕೈ ತೊಳೆಯಿರಿ, ಟವೆಲ್ ಹಂಚಿಕೊಳ್ಳಬೇಡಿ, ಮುಲಾಮು ಹಾಕಿ. ಮೊದಲೆರಡರಲ್ಲಿ ತಕರಾರಿಲ್ಲ. ಎಡವಟ್ಟಾಗುವುದು ಮೂರನೆಯದರಲ್ಲಿ. ಯಾವ ಮುಲಾಮು, ಎಷ್ಟು, ಕಣ್ಣಿನ ಯಾವ ಜಾಗಕ್ಕೆ, ಎಷ್ಟು ದಿನ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಕಳೆದ ಸಲ ಉಳಿದ ಟ್ಯೂಬು, ಪಕ್ಕದ ಮನೆಯವರು ಕೊಟ್ಟ ಟ್ಯೂಬು, ಕೊನೆಗೆ ಚರ್ಮಕ್ಕೆಂದು ತಂದಿಟ್ಟ ಟ್ಯೂಬು ಕೂಡ ಕಣ್ಣಿಗೆ ಹೋಗುತ್ತದೆ. ಈ ಬಗ್ಗೆ ತುಸು ವಿವರವಾಗಿ ಬರೆಯಲು ಅವಕಾಶ ಕೊಡಿ.

ಮೊದಲು, ಕೆಂಪಾದ ಕಣ್ಣೆಲ್ಲ ಬ್ಯಾಕ್ಟೀರಿಯಾ ಸೋಂಕಲ್ಲ. ಒಬ್ಬರಿಂದ ಒಬ್ಬರಿಗೆ ಹಬ್ಬುತ್ತ ಊರಿಗೆ ಊರನ್ನೇ ಹಿಡಿಯುವ ಕೆಂಗಣ್ಣಿಗೆ ಹೆಚ್ಚಿನ ಸಲ ಕಾರಣ ಅಡಿನೋವೈರಸ್. ಅದರಲ್ಲಿ ನೀರು ಸುರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಜೊತೆಗೆ ನೆಗಡಿಯೋ ಗಂಟಲುನೋವೋ ಇರುತ್ತದೆ. ಕಿವಿಯ ಮುಂಭಾಗದಲ್ಲಿ ನೋಯುವ ಸಣ್ಣ ಗಂಟು ಕೈಗೆ ಸಿಗುವುದೂ ಉಂಟು. ಆಂಟಿಬಯೋಟಿಕ್ ಮುಲಾಮು ವೈರಸ್ಸನ್ನು ಏನೂ ಮಾಡದು. ಅಲರ್ಜಿಯಾದರೆ ಎಲ್ಲಕ್ಕಿಂತ ಮುಂದೆ ನಿಲ್ಲುವುದು ತುರಿಕೆ, ಅದೂ ಸಾಮಾನ್ಯವಾಗಿ ಎರಡೂ ಕಣ್ಣಿನಲ್ಲಿ ಒಟ್ಟಿಗೆ. ಬ್ಯಾಕ್ಟೀರಿಯಾದ ಲಕ್ಷಣವೆಂದರೆ ಹಳದಿ ಅಥವಾ ಹಸಿರು ಛಾಯೆಯ ದಪ್ಪ ಪಿಸುರು. ಒರೆಸಿದ ಸ್ವಲ್ಪ ಹೊತ್ತಿಗೇ ಮತ್ತೆ ಕಟ್ಟುತ್ತದೆ, ಬೆಳಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಒಂದು ಕಣ್ಣಿನಲ್ಲಿ ಶುರುವಾಗಿ ಒಂದೆರಡು ದಿನದಲ್ಲಿ ಇನ್ನೊಂದಕ್ಕೂ ದಾಟುತ್ತದೆ. ಸ್ಟೆಫಿಲೊಕಾಕಸ್ ಆರಿಯಸ್, ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ, ಮಕ್ಕಳಲ್ಲಿ ಹಿಮೋಫಿಲಸ್ ಇನ್‌ಫ್ಲುಯೆಂಜೆ ಇದರ ಹಿಂದಿರುವ ಮುಖ್ಯ ಜೀವಿಗಳು. ಆದರೆ ಬೆಳಗಿನ ಅಂಟು ವೈರಸ್ ಸೋಂಕಿನಲ್ಲೂ ಕಾಣುತ್ತದೆ. ಕನ್ನಡಿ ನೋಡಿಕೊಂಡು ನಾವೇ ತೀರ್ಮಾನಿಸುವುದರಲ್ಲಿ ತಪ್ಪುವ ಸಾಧ್ಯತೆ ಇದ್ದೇ ಇದೆ. ಇನ್ನೊಂದು ಮಾತು: ಸೌಮ್ಯವಾದ ಬ್ಯಾಕ್ಟೀರಿಯಾ ಸೋಂಕು ಮುಲಾಮಿಲ್ಲದೆಯೂ ಒಂದೆರಡು ವಾರದಲ್ಲಿ ಹೆಚ್ಚಾಗಿ ತಾನೇ ವಾಸಿಯಾಗುತ್ತದೆ. ಮುಲಾಮು ಆ ಅವಧಿಯನ್ನು ತಗ್ಗಿಸುತ್ತದೆ. ವೈದ್ಯರು ‘ಎರಡು ದಿನ ಸ್ವಚ್ಛವಾಗಿಟ್ಟುಕೊಂಡು ನೋಡೋಣ’ ಎಂದು ಬರಿಗೈಯಲ್ಲಿ ಕಳಿಸಿದರೆ ಅದು ಉದಾಸೀನವಲ್ಲ.

ಕೆಲವು ಕಣ್ಣುಗಳಿಗಂತೂ ಮನೆಯಲ್ಲಿ ಟ್ಯೂಬು ಬಿಚ್ಚಲೇಬಾರದು, ನೇರ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಒಳಗಿನಿಂದ ಬರುವ ನೋವು, ಬೆಳಕು ನೋಡಲಾಗದಿರುವುದು, ಪಿಸುರು ಒರೆಸಿದ ಮೇಲೂ ದೃಷ್ಟಿ ಮಂಜಾಗಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣುವುದು, ಎರಡು ಪಾಪೆಗಳ ಗಾತ್ರ ಬೇರೆಬೇರೆಯಾಗಿರುವುದು, ಕಣ್ಣುನೋವಿನ ಜೊತೆ ತಲೆನೋವು ಮತ್ತು ವಾಂತಿ, ಇವು ಬರೀ ಕಣ್ಣುಬೇನೆಯ ಲಕ್ಷಣಗಳಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕೆಂಗಣ್ಣನ್ನು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ಶಂಕೆಯಿಂದಲೇ ನೋಡಬೇಕು. ಅದು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಒಂದೆರಡು ದಿನದಲ್ಲೇ ಕರಗಿಸಬಲ್ಲದು. ಗರಿ, ಕಡ್ಡಿ, ಮಣ್ಣು ತಾಗಿ ಕೆಂಪಾದ ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣು ಇರಬಹುದು. ಹಣೆಯ ಮೇಲೋ ಮೂಗಿನ ತುದಿಯಲ್ಲೋ ಸರ್ಪಸುತ್ತಿನ ಗುಳ್ಳೆ ಎದ್ದಿದ್ದರೆ, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ, ರೆಪ್ಪೆ ಊದಿ ಜ್ವರ ಬಂದು ಕಣ್ಣು ಹೊರಳಿಸಿದರೆ ನೋವಾಗುತ್ತಿದ್ದರೆ, ತಡಮಾಡುವಂತಿಲ್ಲ.

ಹುಟ್ಟಿ 28 ದಿನ ತುಂಬದ ಕೂಸಿನ ಕಣ್ಣು ಕೆಂಪಾಗಿ, ಊದಿ, ಕೀವು ಬಂದರೆ ಅದು ತುರ್ತು. ಹೆರಿಗೆಯ ಹಾದಿಯಲ್ಲಿ ತಗಲುವ ಗೊನೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಹಳ ಬೇಗ ಕಾರ್ನಿಯಾ ತೂತು ಮಾಡುತ್ತದೆ. ಅದಕ್ಕೆ ಇಂಜೆಕ್ಷನ್ ಬೇಕು. ಅದೇ ಹಾದಿಯಲ್ಲಿ ತಗಲುವ ಇನ್ನೊಂದು ಬ್ಯಾಕ್ಟೀರಿಯಾ ಕ್ಲಮೈಡಿಯಾ ಆದರೆ ಬಾಯಿಯ ಮೂಲಕ ಔಷಧ ಕೊಡಬೇಕು, ಏಕೆಂದರೆ ಅದು ಶ್ವಾಸಕೋಶಕ್ಕೂ ಇಳಿಯುತ್ತದೆ. ಬರೀ ಮುಲಾಮು ಎರಡಕ್ಕೂ ಸಾಲದು. (ಜರ್ಮನಿಯ ಹೆರಿಗೆ ತಜ್ಞ ಕಾರ್ಲ್ ಕ್ರೆಡೆ 1881ರಲ್ಲಿ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕುವ ಕ್ರಮವನ್ನು ಪ್ರಕಟಿಸಿದ್ದು ಈ ಕುರುಡುತನವನ್ನು ತಡೆಯಲೆಂದೇ. ಇಂದು ಹಲವೆಡೆ ಅದರ ಜಾಗದಲ್ಲಿ ಶೇ 0.5ರ ಎರಿಥ್ರೊಮೈಸಿನ್ ಮುಲಾಮು ಬಂದಿದೆ.) ಇನ್ನೊಂದು ಕಡೆ, ಕೆಂಪೂ ಊತವೂ ಇಲ್ಲದೆ ಬರೀ ನೀರು ತುಂಬಿ ಅಂಟುವ ಕೂಸಿನ ಕಣ್ಣಿಗೆ ಕಣ್ಣೀರಿನ ನಾಳ ಇನ್ನೂ ಸರಿಯಾಗಿ ತೆರೆದಿಲ್ಲದಿರುವುದು ಕಾರಣವಿರಬಹುದು. ಅಂಥದ್ದಕ್ಕೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ಹಾಕುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಈಗ ಟ್ಯೂಬಿನ ವಿಷಯಕ್ಕೆ ಬರೋಣ. ಬ್ರ್ಯಾಂಡ್ ಹೆಸರು ದಪ್ಪಕ್ಷರದಲ್ಲಿರುತ್ತದೆ, ನಮಗೆ ಬೇಕಾದದ್ದು ಅದರ ಕೆಳಗಿನ ಸಣ್ಣಕ್ಷರ. ಎರಿಥ್ರೊಮೈಸಿನ್ ಶೇ 0.5, ಕ್ಲೋರಾಂಫೆನಿಕಾಲ್ ಶೇ 1, ಟೆಟ್ರಾಸೈಕ್ಲಿನ್ ಶೇ 1, ಸಿಪ್ರೊಫ್ಲಾಕ್ಸಾಸಿನ್ ಶೇ 0.3, ಟೊಬ್ರಾಮೈಸಿನ್ ಶೇ 0.3, ಇಂಥ ಹೆಸರು ಒಂಟಿಯಾಗಿದ್ದರೆ ಅದು ಬರೀ ಆಂಟಿಬಯೋಟಿಕ್. ಅದರ ಪಕ್ಕದಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಹೈಡ್ರೊಕಾರ್ಟಿಸೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟಿರಾಯ್ಡ್ ಬೆರೆತ ಮುಲಾಮು. ಮನೆಯ ಡ್ರಾದಲ್ಲಿ ಉಳಿದಿರುವ ಔಷಧಗಳಲ್ಲಿ ಕಣ್ಣಿನ ಪಾಲಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ ಎಂದೇ ನಾವು ಹೇಳುತ್ತೇವೆ. ಇದು ಜನಕ್ಕೆ ಇಷ್ಟವಾಗುವುದಕ್ಕೂ ಕೇಡು ಮಾಡುವುದಕ್ಕೂ ಕಾರಣ ಒಂದೇ. ಸ್ಟಿರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ, ಕೆಲವೇ ಗಂಟೆಗಳಲ್ಲಿ ಕೆಂಪು ಇಳಿದು ‘ಎಂಥ ಒಳ್ಳೆ ಔಷಧ’ ಅನ್ನಿಸುತ್ತದೆ. ಕೆಂಪು ಇಳಿದದ್ದು ದೇಹದ ಪ್ರತಿರೋಧವನ್ನು ಕಟ್ಟಿಹಾಕಿದ್ದರಿಂದ. ರೋಗಾಣು ಅಲ್ಲೇ ಇರುತ್ತದೆ. ಹರ್ಪಿಸ್ ವೈರಸ್ಸಿನ ಕವಲು ಹುಣ್ಣು ಈ ಮುಲಾಮು ಬಿದ್ದರೆ ಕಾರ್ನಿಯಾದ ಉದ್ದಗಲಕ್ಕೆ ಹರಡುತ್ತದೆ. ಶಿಲೀಂಧ್ರದ ಹುಣ್ಣು ಆಳಕ್ಕೆ ಇಳಿಯುತ್ತದೆ. ಹುಣ್ಣೇ ಇಲ್ಲದಿದ್ದರೂ ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗುತ್ತದೆ, ದೀರ್ಘಕಾಲ ಬಳಸಿದರೆ ಪೊರೆಯೂ ಬರುತ್ತದೆ. ಒತ್ತಡ ಏರುವಾಗ ನೋವಿರುವುದಿಲ್ಲ, ಗೊತ್ತಾಗುವ ಹೊತ್ತಿಗೆ ನರ ಹೋಗಿರುತ್ತದೆ, ಹೋದ ನರ ಮರಳುವುದಿಲ್ಲ. ಕಣ್ಣಿನ ವೈದ್ಯರು ಕಣ್ಣನ್ನು ದೊಡ್ಡದಾಗಿ ತೋರಿಸುವ ಉಪಕರಣವಾದ ಸ್ಲಿಟ್ ಲ್ಯಾಂಪ್‌ನಲ್ಲಿ ಕಾರ್ನಿಯಾ ನೋಡಿ, ದಿನಗಳ ಲೆಕ್ಕ ಕೊಟ್ಟು ಬರೆದಾಗ ಮಾತ್ರ ಇದು ಔಷಧ.

ಹೋಲುವ ಟ್ಯೂಬುಗಳೂ ತೊಂದರೆ ಕೊಡುತ್ತವೆ. ಕಣ್ಣಿನ ಮುಲಾಮಿನ ಟ್ಯೂಬು ಸಾಮಾನ್ಯವಾಗಿ 3ರಿಂದ 5 ಗ್ರಾಂ, ಉದ್ದನೆ ಚೂಪು ಮೂತಿ, ಮೇಲೆ ‘ಆಫ್ತಾಲ್ಮಿಕ್’ ಅಥವಾ ‘ಕಣ್ಣಿಗೆ’ ಎಂಬ ಬರಹ ಮತ್ತು ‘ಸ್ಟೆರೈಲ್’ ಎಂಬ ಸೂಚನೆ ಇರಬೇಕು. ಅದೇ ಆಂಟಿಬಯೋಟಿಕ್ ಹೆಸರಿನ ಚರ್ಮದ ಮುಲಾಮು ಕಣ್ಣಿಗೆ ಆಗುವುದಿಲ್ಲ. ಅದು ಕ್ರಿಮಿರಹಿತವಾಗಿ ತಯಾರಾದದ್ದಲ್ಲ, ಅದರ ಕಣಗಳು ಅಷ್ಟು ನುಣುಪಲ್ಲ, ಬೆರೆಸಿದ ಇತರ ಪದಾರ್ಥಗಳು ಕಾರ್ನಿಯಾವನ್ನು ಉರಿಸುತ್ತವೆ. ಅಸೈಕ್ಲೊವಿರ್ ಶೇ 3ರ ಕಣ್ಣಿನ ಮುಲಾಮು ನೋಡಲು ಒಂದೇ ಥರ ಇದ್ದರೂ ಹರ್ಪಿಸ್ ವೈರಸ್‌ಗೆ ಮಾತ್ರ. ತುಟಿಗೂ ಉಗುರಿಗೂ ಬರುವ ಸಣ್ಣ ಟ್ಯೂಬು, ಗಟ್ಟಿ ಅಂಟಿನ ಟ್ಯೂಬು ಒಂದೇ ಪೆಟ್ಟಿಗೆಯಲ್ಲಿದ್ದರೆ ಕನ್ನಡಕವಿಲ್ಲದ ರಾತ್ರಿ ಹೊತ್ತಿನಲ್ಲಿ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ಕಣ್ಣಿನ ಔಷಧಕ್ಕೆ ಬೇರೆಯೇ ಡಬ್ಬಿ ಇರಲಿ.

ಕೊಳ್ಳುವ ಮುಂಚೆ ಹೇಳಬೇಕಾದವು ಕೆಲವಿವೆ. ನಿಮಗೋ ಹತ್ತಿರದ ರಕ್ತಸಂಬಂಧಿಗಳಿಗೋ ರಕ್ತ ಉತ್ಪತ್ತಿಯ, ಅಸ್ಥಿಮಜ್ಜೆಯ ಕಾಯಿಲೆ ಬಂದಿದ್ದರೆ ಕ್ಲೋರಾಂಫೆನಿಕಾಲ್ ಬೇಡ. ಅಪಾಯ ತೀರಾ ಅಪರೂಪ, ಆದರೆ ಬೇರೆ ಔಷಧವಿರುವಾಗ ಆ ಗೊಡವೆ ಏಕೆ? ನಿಯೊಮೈಸಿನ್ ಇರುವ ಮುಲಾಮು ಅಲರ್ಜಿಗೆ ಕುಖ್ಯಾತ. ಉಣ್ಣೆಯ ಕೊಬ್ಬಾದ ಲ್ಯಾನೊಲಿನ್ ಕೆಲವು ಮುಲಾಮುಗಳ ಮೂಲದ್ರವ್ಯದಲ್ಲಿರುತ್ತದೆ, ಅದೂ ಕೆಲವರಿಗೆ ಒಗ್ಗದು. ಗರ್ಭಿಣಿಯರು, ಮೊಲೆಯೂಡಿಸುವವರು, ಎರಡು ವರ್ಷದೊಳಗಿನ ಮಕ್ಕಳ ಪೋಷಕರು ಅಂಗಡಿಯಲ್ಲಿ ಕೇಳಿ ತರುವ ಬದಲು ವೈದ್ಯರಿಗೆ ತೋರಿಸುವುದೇ ಸರಿ.

ಹಾಕುವ ಕ್ರಮ. ಇಲ್ಲಿ ಹೆಚ್ಚಿನವರು ತಪ್ಪುವುದು ಜಾಗದಲ್ಲಿ. ಕಾಡಿಗೆ ತೀಡುವಂತೆ ಬೆರಳ ತುದಿಯಿಂದ ರೆಪ್ಪೆಯ ಮೇಲೆ ಸವರಿಕೊಂಡರೆ ಔಷಧ ಕಣ್ಣಿನೊಳಗೆ ಹೋಗುವುದು ಅಷ್ಟಕ್ಕಷ್ಟೆ, ಬೆರಳಿನ ಕೊಳೆ ಮಾತ್ರ ಹೋಗುತ್ತದೆ. (ರೆಪ್ಪೆಯ ಅಂಚಿನ ಸೋಂಕಿಗೆ ಅಂಚಿಗೇ ಸವರಲು ವೈದ್ಯರು ಹೇಳುವುದುಂಟು, ಅದು ಬೇರೆ ಮಾತು.) ಮುಲಾಮು ಸೇರಬೇಕಾದದ್ದು ಕೆಳರೆಪ್ಪೆಗೂ ಕಣ್ಣುಗುಡ್ಡೆಗೂ ನಡುವಿನ ಸಂದಿಗೆ.

ಸೋಪು ಹಾಕಿ ಕನಿಷ್ಠ 20 ಸೆಕೆಂಡು ಕೈ ತೊಳೆದು ಸ್ವಚ್ಛ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಲೆನ್ಸ್ ಇದ್ದರೆ ತೆಗೆಯಿರಿ. ಪಿಸುರಿನ ಮೇಲೆಯೇ ಮುಲಾಮು ಹಾಕಿದರೆ ಅದು ಪಿಸುರಿನ ಜೊತೆಗೇ ಹೊರಬರುತ್ತದೆ. ಆದ್ದರಿಂದ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ಮೂಗಿನ ಕಡೆಯ ಮೂಲೆಯಿಂದ ಕಿವಿಯ ಕಡೆಗೆ ಒಂದೇ ಎಳೆತದಲ್ಲಿ ಒರೆಸಿ. ಒಂದು ಉಂಡೆಗೆ ಒಂದೇ ಒರೆತ. ಮತ್ತೊಂದು ಸಲಕ್ಕೆ ಮತ್ತೊಂದು ಉಂಡೆ, ಮತ್ತೊಂದು ಕಣ್ಣಿಗೂ ಹಾಗೆಯೇ. ಗಟ್ಟಿಯಾಗಿ ಒಣಗಿದ್ದರೆ ಕೀಳಬೇಡಿ, ಒದ್ದೆ ಹತ್ತಿಯನ್ನು ಒಂದೆರಡು ನಿಮಿಷ ಮುಚ್ಚಿದ ರೆಪ್ಪೆಯ ಮೇಲಿಟ್ಟರೆ ತಾನೇ ನೆನೆದು ಬಿಡುತ್ತದೆ. ಇದನ್ನು ಮುಗಿಸಿ ಇನ್ನೊಮ್ಮೆ ಕೈ ತೊಳೆಯಿರಿ. ಬಹಳ ಜನ ಬಿಡುವ ಹೆಜ್ಜೆ ಇದೇ.

ಮುಲಾಮಿನ ಮೂಲದ್ರವ್ಯ ಬಿಳಿ ಪ್ಯಾರಾಫಿನ್ ಮತ್ತು ದ್ರವ ಪ್ಯಾರಾಫಿನ್ ಆಗಿರುವುದರಿಂದ ತಂಪಿನಲ್ಲಿ ಗಟ್ಟಿಯಾಗಿರುತ್ತದೆ. ಮುಚ್ಚಳ ತೆಗೆಯುವ ಮೊದಲು ಟ್ಯೂಬನ್ನು ಮುಷ್ಟಿಯಲ್ಲಿ ಒಂದೆರಡು ನಿಮಿಷ ಹಿಡಿದರೆ ಸಲೀಸಾಗಿ ಬರುತ್ತದೆ. ಬಿಸಿನೀರಿನಲ್ಲಿ ಅದ್ದಬೇಡಿ. ಹೊಸ ಟ್ಯೂಬಾದರೆ ಸೀಲು ಸರಿಯಿದೆಯೇ ನೋಡಿ, ಮೊದಲು ಬರುವ ಅರ್ಧ ಸೆಂಟಿಮೀಟರಿನಷ್ಟನ್ನು ಸ್ವಚ್ಛ ಟಿಶ್ಯೂಗೆ ಹಿಂಡಿ ಎಸೆಯಿರಿ. ಕುಳಿತು ತಲೆಯನ್ನು ಹಿಂದಕ್ಕೆ ಬಾಗಿಸಿ, ಇಲ್ಲವೆ ಅಂಗಾತ ಮಲಗಿ. ಒಂದು ಬೆರಳಿನಿಂದ ಕೆಳರೆಪ್ಪೆಯ ಕೆಳಗಿನ ಚರ್ಮವನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಎಳೆದರೆ ಒಳಗೆ ನಸುಗೆಂಪಿನ ಸಣ್ಣ ಜೇಬು ತೆರೆದುಕೊಳ್ಳುತ್ತದೆ. ದೃಷ್ಟಿ ಮೇಲಕ್ಕಿರಲಿ. ಹಾಗೆ ನೋಡಿದಾಗ ಕಾರ್ನಿಯಾ ಮೇಲೆ ಸರಿದು ಟ್ಯೂಬಿನ ಮೂತಿಯಿಂದ ದೂರವಾಗುತ್ತದೆ, ರೆಪ್ಪೆ ಬಡಿಯುವ ತುಡಿತವೂ ತಗ್ಗುತ್ತದೆ. ಟ್ಯೂಬು ಹಿಡಿದ ಕೈಯ ಅಂಚನ್ನು ಕೆನ್ನೆಗೆ ಆನಿಸಿಕೊಂಡರೆ ನಡುಗುವುದಿಲ್ಲ. ಮೂಗಿನ ಕಡೆಯಿಂದ ಹೊರಮೂಲೆಯತ್ತ ಸುಮಾರು 1 ಸೆಂಟಿಮೀಟರ್ ಉದ್ದದ ತೆಳು ಎಳೆಯನ್ನು ಆ ಜೇಬಿಗೆ ಬಿಡಿ. ಮೂತಿ ರೆಪ್ಪೆಗಾಗಲಿ ರೆಪ್ಪೆಗೂದಲಿಗಾಗಲಿ ತಾಗಬಾರದು. ಎಳೆ ಕತ್ತರಿಸದೆ ನೇತಾಡಿದರೆ ಕೆಲವರು ಮೂತಿಯನ್ನು ರೆಪ್ಪೆಗೆ ಒರೆಸಿಬಿಡುತ್ತಾರೆ, ಟ್ಯೂಬು ಕೆಡುವುದು ಆ ಗಳಿಗೆಯಲ್ಲೇ. ಟ್ಯೂಬನ್ನು ಸ್ವಲ್ಪ ತಿರುಚಿದರೆ ಎಳೆ ತಾನೇ ತುಂಡಾಗುತ್ತದೆ. ರೆಪ್ಪೆಯನ್ನು ಬಿಟ್ಟು, ಕಣ್ಣನ್ನು ಹಿಸುಕದೆ ಮೃದುವಾಗಿ ಒಂದೆರಡು ನಿಮಿಷ ಮುಚ್ಚಿ, ಮುಚ್ಚಿದ ರೆಪ್ಪೆಯೊಳಗೆ ಗುಡ್ಡೆಯನ್ನು ಸುತ್ತಲೂ ಹೊರಳಿಸಿ. ದೇಹದ ಬಿಸಿಗೆ ಮುಲಾಮು ಕರಗಿ ಹರಡುತ್ತದೆ. ಹೊರಗೆ ಬಂದದ್ದನ್ನು ಟಿಶ್ಯೂನಲ್ಲಿ ಒತ್ತಿ ತೆಗೆದು, ಮೂತಿಯನ್ನು ಹೊಸ ಟಿಶ್ಯೂನಲ್ಲಿ ಒರೆಸಿ ಮುಚ್ಚಳ ಬಿಗಿ ಮಾಡಿ. ನೀರಿನಲ್ಲಿ ತೊಳೆಯಬೇಡಿ.

‘ಜಾಸ್ತಿ ಹಾಕಿದರೆ ಬೇಗ ವಾಸಿ’ ಎಂಬುದಕ್ಕೆ ಕಣ್ಣಿನಲ್ಲಿ ಜಾಗವೇ ಇಲ್ಲ. ಕಣ್ಣಿನ ಮೇಲೆ ಸದಾ ಇರುವ ಕಣ್ಣೀರು ಸುಮಾರು 7 ಮೈಕ್ರೊಲೀಟರ್, ರೆಪ್ಪೆಯ ಸಂದಿ ಹಿಡಿಯುವುದು ಹೆಚ್ಚೆಂದರೆ 30 ಮೈಕ್ರೊಲೀಟರ್. ಮಿಕ್ಕಿದ್ದೆಲ್ಲ ಕೆನ್ನೆಗೆ. ಹನಿ ಔಷಧ ಕೆಲವೇ ನಿಮಿಷದಲ್ಲಿ ಕಣ್ಣೀರಿನ ಜೊತೆ ತೊಳೆದುಹೋಗುತ್ತದೆ, ಮುಲಾಮು ಅದಕ್ಕಿಂತ ಬಹಳ ಹೊತ್ತು ಉಳಿಯುತ್ತದೆ. ಹಗಲು ಹನಿ, ಮಲಗುವಾಗ ಮುಲಾಮು ಎಂದು ವೈದ್ಯರು ಬರೆಯುವುದು ಇದಕ್ಕಾಗಿ. ಎರಡೂ ಒಂದೇ ಹೊತ್ತಿಗೆ ಬಿದ್ದರೆ ಮೊದಲು ಹನಿ, 5ರಿಂದ 10 ನಿಮಿಷ ಬಿಟ್ಟು ಮುಲಾಮು. ಹಿಂದುಮುಂದಾದರೆ ಮುಲಾಮಿನ ಜಿಡ್ಡಿನ ಮೇಲೆ ಹನಿ ಜಾರಿ ಹೋಗುತ್ತದೆ. ಮುಲಾಮು ಹಾಕಿದ ಮೇಲೆ ಸ್ವಲ್ಪ ಹೊತ್ತು ಎಲ್ಲವೂ ಮಸುಕು, ಅದು ಸಹಜ. ತಿಳಿಯಾಗುವ ತನಕ ಗಾಡಿ ಓಡಿಸಬೇಡಿ, ಯಂತ್ರದ ಮುಂದೆ ನಿಲ್ಲಬೇಡಿ, ಮೆಟ್ಟಿಲಲ್ಲಿ ಹುಷಾರು. ಸೋಂಕಿದ ಕಣ್ಣಿಗೆ ಬಟ್ಟೆ ಕಟ್ಟುವುದು, ಪ್ಯಾಡ್ ಅಂಟಿಸುವುದು ಬೇಡ. ಒಳಗೆ ಬಿಸಿ ನಿಂತು, ಪಿಸುರು ಹೊರಹೋಗದೆ, ರೋಗಾಣುವಿಗೆ ಅನುಕೂಲವಾಗುತ್ತದೆ.

ಮಕ್ಕಳ ವಿಷಯದಲ್ಲಿ ಜಗಳ ಬೇಡ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಂಗಾತ ಮಲಗಿಸಿ, ಒಬ್ಬರು ತಲೆ ಹಿಡಿದರೆ ಇನ್ನೊಬ್ಬರು ಹಾಕಬಹುದು. ನಿದ್ದೆಯಲ್ಲಿದ್ದಾಗ ಕೆಳರೆಪ್ಪೆ ಎಳೆದು ಹಾಕುವುದು ಇನ್ನೂ ಸುಲಭ, ಮಸುಕಿನ ಕಿರಿಕಿರಿಯೂ ಮಗುವಿಗೆ ಗೊತ್ತಾಗದು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ ಮಗುವಿಗೆ ರೆಪ್ಪೆಗಳು ಕೂಡುವ ಗೆರೆಯುದ್ದಕ್ಕೆ ಎಳೆ ಬಿಟ್ಟರೆ ಕಣ್ಣು ತೆರೆದು ಮುಚ್ಚುವಾಗ ಕರಗಿ ಒಂದಷ್ಟು ಒಳಗೆ ಇಳಿಯುತ್ತದೆ. ಬಲವಂತವಾಗಿ ರೆಪ್ಪೆ ಬಿಡಿಸಿ ಮೂತಿ ಚುಚ್ಚುವುದಕ್ಕಿಂತ ಇದು ವಾಸಿ.

ಎಷ್ಟು ದಿನ? ಸಾಮಾನ್ಯ ಬ್ಯಾಕ್ಟೀರಿಯಾ ಕಣ್ಣುಬೇನೆಗೆ 5ರಿಂದ 7 ದಿನ, ದಿನಕ್ಕೆ ಎಷ್ಟು ಸಲ ಎಂಬುದು ಔಷಧದಿಂದ ಔಷಧಕ್ಕೆ ಬೇರೆ. ರೆಪ್ಪೆಯ ಒಳಬದಿಯನ್ನು ಹಾಳುಮಾಡುವ ದೀರ್ಘಕಾಲದ ಸೋಂಕಾದ ಟ್ರಕೋಮಾಕ್ಕೆ ಟೆಟ್ರಾಸೈಕ್ಲಿನ್ ಮುಲಾಮನ್ನು ದಿನಕ್ಕೆ 2 ಸಲದಂತೆ 6 ವಾರ ಹಾಕುವ ಕ್ರಮವಿದೆ. ಟ್ಯೂಬಿನ ಹೆಸರು ಗೊತ್ತಿದ್ದ ಮಾತ್ರಕ್ಕೆ ಲೆಕ್ಕ ಗೊತ್ತಾಗುವುದಿಲ್ಲ ಎಂಬುದಕ್ಕೆ ಈ ಉದಾಹರಣೆ. ಎರಡನೇ ದಿನಕ್ಕೇ ಕಣ್ಣು ಹಗುರವಾಯಿತೆಂದು ನಿಲ್ಲಿಸಬೇಡಿ, ಹಾಗೆಂದು ಹೇಳಿದ ಅವಧಿ ಮುಗಿದ ಮೇಲೂ ‘ಇರಲಿ’ ಎಂದು ಮುಂದುವರಿಸಬೇಡಿ. ಟೊಬ್ರಾಮೈಸಿನ್, ಜೆಂಟಾಮೈಸಿನ್‌ನಂಥವನ್ನು ಅತಿಯಾಗಿ ಬಳಸಿದರೆ ಕಾರ್ನಿಯಾದ ಮೇಲ್ಪದರ ಸವೆದು ಔಷಧದಿಂದಲೇ ಕಣ್ಣು ಕೆಂಪಾಗಿ ಉಳಿಯುತ್ತದೆ. ರೋಗ ಹೋಗಿಲ್ಲವೆಂದು ಮತ್ತಷ್ಟು ಹಾಕುತ್ತಾರೆ, ಅದು ಮತ್ತಷ್ಟು ಕೆಂಪಾಗುತ್ತದೆ. ಮುಲಾಮು ಶುರುಮಾಡಿ 48 ಗಂಟೆಯಾದರೂ ಪಿಸುರು ಕಡಿಮೆಯಾಗದಿದ್ದರೆ ಮರಳಿ ತೋರಿಸಿ. ಹಾಕಿದ ಕ್ಷಣ ತುಸು ಉರಿಯುವುದು ಸರಿ. ಆದರೆ ರೆಪ್ಪೆ ಊದಿ, ಸುತ್ತಲ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತ ತುರಿಸತೊಡಗಿದರೆ ಅದು ಅಲರ್ಜಿ, ನಿಲ್ಲಿಸಿ. ಮುಖ ಊದಿ ಉಸಿರು ಕಟ್ಟಿದರೆ ಆಸ್ಪತ್ರೆಗೆ ಓಡಬೇಕು.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಹಾಕಿ, ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡು ಪಾಲು ಬೇಡ. ಸೋಂಕು ಪೂರ್ತಿ ಹೋಗಿ ಮುಲಾಮು ನಿಲ್ಲಿಸುವ ತನಕ ಲೆನ್ಸ್ ಹಾಕಬಾರದು. ಆ ದಿನಗಳಲ್ಲಿ ಹಾಕಿದ್ದ ಲೆನ್ಸ್, ಅದರ ಡಬ್ಬಿ, ಕಣ್ಣಿನ ಮೇಕಪ್ ಎಲ್ಲವನ್ನೂ ಎಸೆಯುವುದು ಕ್ಷೇಮ. ದಿಂಬಿನ ಹೊದಿಕೆ ಬದಲಿಸಿ.

ಒಂದು ಟ್ಯೂಬು ಒಬ್ಬರಿಗೆ. ಮನೆಯಲ್ಲಿ ಮೂವರಿಗೆ ಕಣ್ಣು ಬಂದಿದ್ದರೆ ಮೂರು ಟ್ಯೂಬು, ಮೇಲೆ ಹೆಸರು. ದುಂದಿನ ಲೆಕ್ಕವಲ್ಲ ಇದು. ಕಣ್ಣಿಗೆ ಹಾಕುವ ವಸ್ತು ಮಲಿನವಾದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಅಮೆರಿಕದಲ್ಲಿ ಕಂಡಿದ್ದೇವೆ. ಕೃತಕ ಕಣ್ಣೀರಿನ ಹನಿಯಲ್ಲಿ ಔಷಧಗಳಿಗೆ ಬಗ್ಗದ ಸ್ಯೂಡೊಮೊನಾಸ್ ಸೇರಿ ಹಲವರು ದೃಷ್ಟಿ ಕಳೆದುಕೊಂಡರು, ಸಾವೂ ಸಂಭವಿಸಿತು. ಅಲ್ಲಿ ಬಾಟಲಿ ಕಾರ್ಖಾನೆಯಿಂದಲೇ ಕೆಟ್ಟು ಬಂದಿತ್ತು. ಮನೆಯಲ್ಲಿ ನಾವೇ ಕೆಡಿಸುತ್ತೇವೆ, ಮುಚ್ಚಳ ತೆಗೆದಿಟ್ಟು, ಮೂತಿ ತಾಗಿಸಿ, ತಿಂಗಳುಗಟ್ಟಲೆ ಇಟ್ಟು. ಲೇಬಲ್‌ನಲ್ಲಿ ಬೇರೆ ಹೇಳಿರದಿದ್ದರೆ ಬಿಚ್ಚಿದ 28 ದಿನಕ್ಕೆ ಎಸೆಯಿರಿ. ಡಬ್ಬಿಯ ಮೇಲೆ ಅಚ್ಚಾದ ಅವಧಿ ಬಿಚ್ಚದ ಟ್ಯೂಬಿಗೆ ಮಾತ್ರ ಅನ್ವಯ. ಇಡುವ ಜಾಗವನ್ನೂ ಲೇಬಲ್ ನೋಡಿಯೇ ತಿಳಿಯಬೇಕು. ಕ್ಲೋರಾಂಫೆನಿಕಾಲ್ ಹನಿಯನ್ನು ಸಾಮಾನ್ಯವಾಗಿ ಫ್ರಿಜ್‌ನಲ್ಲಿಡುತ್ತಾರೆ, ಅದೇ ಔಷಧದ ಮುಲಾಮಿಗೆ ಬಿಸಿಲು ಬೀಳದ ತಂಪು ಜಾಗ ಸಾಕು.

ಕೊನೆಗೊಂದು ಕೋರಿಕೆ ಚೀಟಿ ಬರೆಯುವವರಿಗೂ ಔಷಧ ಕೊಡುವವರಿಗೂ. ‘ಐ ಆಯಿಂಟ್‌ಮೆಂಟ್, ದಿನಕ್ಕೆ ಮೂರು’ ಎಂದಷ್ಟೇ ಬರೆದು ಕಳಿಸಬೇಡಿ. ಬಲಗಣ್ಣೋ ಎಡಗಣ್ಣೋ ಅಥವಾ ಎರಡೂ ಕಣ್ಣೋ, ಎಷ್ಟು ದಿನ, ಸ್ಟಿರಾಯ್ಡ್ ಇದೆಯೋ ಇಲ್ಲವೋ ಎಂಬುದನ್ನು ರೋಗಿ ಓದಬಲ್ಲ ಭಾಷೆಯಲ್ಲಿ ಡಬ್ಬಿಯ ಮೇಲೆ ಬರೆಯಿರಿ. ಬಿಚ್ಚಿದ ದಿನಾಂಕ ಬರೆದುಕೊಳ್ಳಲು ಒಂದು ಖಾಲಿ ಗೆರೆಯನ್ನೂ ಬಿಡಿ. ಚೀಟಿಯಿಲ್ಲದೆ ಬಂದು ‘ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ’ ಎನ್ನುವವರಿಗೆ ಸ್ಟಿರಾಯ್ಡ್ ಬೆರೆತ ಟ್ಯೂಬನ್ನಂತೂ ಕೊಡಲೇಬೇಡಿ.

ಇಂತಿ,
ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುವ ಶುಶ್ರೂಷಕರು